ಅತಿಥಿಗೆ ಬಿಲ್ ಕೊಡುವುದು ಅಧರ್ಮವೇ?

ಮಾಗಡಿ ರಸ್ತೆಯ ಹೇರೋಹಳ್ಳಿ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ರಚನೆಯಾಗುವವರೆಗೂ ಮಹಾನಗರದ ಗಡಿಯಾಚೆಗಿನ ಹಳ್ಳಿಯಾಗಿತ್ತು. ಈಗ ಕೆರೆಯೊಂದು ಇದೆ, ಹೆಸರಿನಲ್ಲಿ ಹಳ್ಳಿ ಇದೆ, ಸುತ್ತ ನಗರ. ಭಾನುವಾರ ಬಂತೆಂದರೆ ಈ ಕಡೆಯ ಕಾರು ಬೈಕುಗಳು ಸಾವನದುರ್ಗ, ಮಂಚನಬೆಲೆಯತ್ತ ಹೊರಡುತ್ತವೆ. ರಜೆ ದೊಡ್ಡದಿದ್ದರೆ ಹಂಪಿ, ಯಲ್ಲಾಪುರ, ಕೊಡಗು. ತಮ್ಮ ಹಳ್ಳಿ ಕಣ್ಣೆದುರೇ ಕರಗಿದವರು ದುಡ್ಡು ಕೊಟ್ಟು ಇನ್ನೊಬ್ಬರ ಹಳ್ಳಿಯಲ್ಲಿ ಎರಡು ರಾತ್ರಿ ಇದ್ದು ಬರುತ್ತಾರೆ. ಹಾಗೆ ಹೋಮ್‌ಸ್ಟೇಯಲ್ಲಿ ಉಂಡು ಕೈತೊಳೆದವರಲ್ಲಿ ಕೆಲವರಿಗಾದರೂ ಒಂದು ಕಸಿವಿಸಿ ಇದ್ದೇ ಇರುತ್ತದೆ. ಮನೆಗೆ ಬಂದವರಿಗೆ ಬಡಿಸಿ ಹಣ ಕೇಳುವುದು ನಮ್ಮ ಧರ್ಮವೇ? ಅನ್ನ ಮಾರಬಾರದು ಎಂದಲ್ಲವೇ ಹಿರಿಯರು ಹೇಳುತ್ತಿದ್ದುದು? ಈ ಕಸಿವಿಸಿಯನ್ನು ತಳ್ಳಿಹಾಕಬಾರದು. ಆದರೆ ಅದರ ಬುಡವನ್ನು ಕೆದಕಿದರೆ ನಾವು ನಿರೀಕ್ಷಿಸದ ಸತ್ಯವೊಂದು ಎದುರಾಗುತ್ತದೆ.

ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಓದು ಮುಗಿಸಿ ಹೊರಡುವ ಶಿಷ್ಯನಿಗೆ ಗುರು ತಾಯಿ, ತಂದೆ, ಆಚಾರ್ಯರ ಸಾಲಿನಲ್ಲೇ ಅತಿಥಿಯನ್ನೂ ದೇವರೆಂದು ಕಾಣಲು ಹೇಳುತ್ತಾನೆ. ಉಪದೇಶ ದೊಡ್ಡದು. ಅದನ್ನು ನಡೆಸಿಕೊಂಡು ಬಂದವರು ಯಾರು? ಯಜಮಾನ ಜಗಲಿಯಲ್ಲಿ ಕೂತು ಬಂದವರೊಡನೆ ಮಾತಾಡಿ ಪುಣ್ಯ ಕಟ್ಟಿಕೊಂಡ. ಹೊತ್ತಲ್ಲದ ಹೊತ್ತಿನಲ್ಲಿ ಮತ್ತೆ ಒಲೆ ಹಚ್ಚಿದವಳು, ನೀರು ಸೇದಿದವಳು, ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದದ್ದನ್ನು ಉಂಡವಳು ಮನೆಯ ಹೆಂಗಸು. ಆಕೆಗೆ ಕೂಲಿಯೂ ಇರಲಿಲ್ಲ, ಆಗದು ಎನ್ನುವ ಬಾಯಿಯೂ ಇರಲಿಲ್ಲ. ಇನ್ನು ಅತಿಥಿ ಯಾರಾಗಬಹುದಿತ್ತು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಹಲವರಿಗೆ ಅಂಗಳವೇ ಗಡಿ. ಹಾಗಾಗಿ ಬಿಟ್ಟಿ ಆತಿಥ್ಯವೆಲ್ಲ ಪವಿತ್ರ, ಹಣ ಪಡೆದದ್ದೆಲ್ಲ ಮೈಲಿಗೆ ಎಂಬ ಲೆಕ್ಕ ನಿಲ್ಲುವುದಿಲ್ಲ. ಹೆಂಗಸಿನ ದುಡಿಮೆಯನ್ನು ಲೆಕ್ಕಕ್ಕೇ ಹಿಡಿಯದೆ ಮಾಡಿದ ದಾನ ಅರ್ಧ ದಾನ.

ಇದನ್ನು ಕನ್ನಡ ನಾಡು ಹನ್ನೆರಡನೆಯ ಶತಮಾನದಲ್ಲೇ ಕಂಡುಕೊಂಡಿತ್ತು. ಶರಣರ ನಡುವೆ ಭತ್ತ ಕುಟ್ಟುವ ಕೊಟ್ಟಣದ ಸೋಮವ್ವೆ ಇದ್ದಳು, ನೂಲುವ ಕದಿರೆ ರೆಮ್ಮವ್ವೆ ಇದ್ದಳು. ಮನೆಗೆಲಸವೆಂದು ಕಡೆಗಣಿಸಿದ ದುಡಿಮೆಯೇ ಅವರ ಹೆಸರಿಗೆ ಅಂಟಿ ಗೌರವವಾಯಿತು. ಆಯ್ದಕ್ಕಿ ಲಕ್ಕಮ್ಮನ ಕತೆಯಂತೂ ನಮ್ಮ ಪ್ರಶ್ನೆಗೇ ಹೇಳಿದಂತಿದೆ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ಆಸೆ, ಹೋಗಿ ಅಲ್ಲೇ ಸುರಿದು ಬಾ ಎಂದು ಕಳಿಸಿದವಳು ಆಕೆ. ಅದೇ ಲಕ್ಕಮ್ಮ ಆಯ್ದ ಅಕ್ಕಿಯಲ್ಲೇ ಜಂಗಮ ದಾಸೋಹ ನಡೆಸಿದಳು. ಕಾಯಕದಲ್ಲಿ ಪ್ರತಿಫಲ ಪಾಪವಲ್ಲ. ಅಳತೆ ಮೀರಿದ್ದು ಪಾಪ. ದುಡಿದು ಪಡೆದವರಿಗಷ್ಟೇ ಕೊಡುವ ಅಧಿಕಾರ. ಎಷ್ಟು ಸಾಕು ಎಂದು ಹೇಳಿದವಳು ಒಬ್ಬ ಹೆಂಗಸು ಎಂಬುದನ್ನೂ ಮರೆಯಬಾರದು.

ಈ ಅಳತೆಗೋಲು ಹಿಡಿದು ಕೊಪ್ಪಳ ಜಿಲ್ಲೆಯ ಆನೆಗುಂದಿಯನ್ನು ನೋಡಬಹುದು. ತುಂಗಭದ್ರೆಯ ಉತ್ತರ ದಡದ ಈ ಊರಿನಲ್ಲಿ 1997ರಿಂದ ಕಿಷ್ಕಿಂದಾ ಟ್ರಸ್ಟ್ ಕೆಲಸ ಮಾಡುತ್ತಿದೆ. ಸುತ್ತಲೂ ಬಾಳೆತೋಟ. ಗೊನೆ ಕಡಿದ ಮೇಲೆ ಬಾಳೆದಿಂಡು ಕಸ. ಅದರ ಪಟ್ಟೆ ಬಿಡಿಸಿ, ಒಣಗಿಸಿ, ಸೀಳಿ, ಹುರಿಗೊಳಿಸಿ, ಆ ಹುರಿಯಿಂದ ಚೀಲ, ಚಾಪೆ, ಬುಟ್ಟಿ ಹೆಣೆಯುವುದನ್ನು ಊರಿನ ಹೆಂಗಸರು ಕಲಿತರು. ಹಳೆಯ ಮನೆಗಳು ಕೆಡವಿಸಿಕೊಳ್ಳದೆ ದುರಸ್ತಿಯಾಗಿ ಪ್ರವಾಸಿಗರಿಗೆ ತೆರೆದುಕೊಂಡವು. ಹಂಪಿ 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿತ್ತು. ಜಗತ್ತು ಬಂದು ಕಲ್ಲು ನೋಡಿ ಹೋಗುತ್ತಿತ್ತು. ಆ ಕಲ್ಲಿನ ನಡುವೆ ಬದುಕುವವರ ಕೈಕೆಲಸಕ್ಕೂ ಬೆಲೆಯಿದೆ ಎಂದು ತೋರಿಸಿದ್ದು ಆನೆಗುಂದಿಯ ಸಾಧನೆ. ಹೊಲದ ಕೂಲಿ ಬಿಟ್ಟರೆ ಬೇರೆ ದಾರಿಯಿಲ್ಲದ ಹೆಣ್ಣುಮಗಳಿಗೆ ತನ್ನದೇ ದುಡಿಮೆಯ ಹಣ ಕೈಗೆ ಬಂದಾಗ ಮನೆಯಲ್ಲಿ ಅವಳ ಮಾತಿನ ತೂಕ ಬದಲಾಗುತ್ತದೆ. ಇದನ್ನು ಬರೀ ಆರ್ಥಿಕ ಸಂಗತಿ ಎನ್ನಲು ನನ್ನ ಮನಸ್ಸು ಒಪ್ಪದು.

ಹಣ ಬಂದಲ್ಲಿ ಊರು ಕೆಡುತ್ತದೆ ಎಂಬ ಆಕ್ಷೇಪಕ್ಕೆ ಸಾಕ್ಷಿಯೂ ಅದೇ ನದಿಯಲ್ಲಿದೆ. ಆನೆಗುಂದಿಗೆ ಹತ್ತಿರದ ವಿರೂಪಾಪುರ ಗಡ್ಡೆಯಲ್ಲಿ ಪರಂಪರೆಯ ಕಾನೂನು ಮೀರಿ ರೆಸಾರ್ಟುಗಳು ಎದ್ದವು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅವುಗಳ ತೆರವನ್ನು ಒಪ್ಪಿದ್ದ ಹೈಕೋರ್ಟಿನ ಆದೇಶವನ್ನು ಎತ್ತಿಹಿಡಿಯಿತು, ಮುಂದಿನ ತಿಂಗಳು ಬುಲ್ಡೋಜರ್ ಬಂತು. ಎರಡು ಕಡೆಯೂ ಬಂದವರು ಪ್ರವಾಸಿಗರೇ, ಕೊಟ್ಟದ್ದು ಹಣವೇ. ಅಳತೆ ಯಾರ ಕೈಯಲ್ಲಿತ್ತು ಎಂಬುದರಲ್ಲಿದೆ ವ್ಯತ್ಯಾಸ. ಲಕ್ಕಮ್ಮನಂತೆ ಸಾಕು ಎನ್ನುವವರು ಇಲ್ಲದ ಕಡೆ ಕಾಯಕ ವ್ಯಾಪಾರವಾಗುತ್ತದೆ.

ಇದಕ್ಕಿಂತ ಗಂಭೀರ ಆಕ್ಷೇಪ ಇನ್ನೊಂದಿದೆ: ಬದುಕೇ ಪ್ರದರ್ಶನವಾಗಿಬಿಡುವ ಭಯ. ಯಲ್ಲಾಪುರ ತಾಲ್ಲೂಕಿನ ಇಡಗುಂದಿಯಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಸ್ವಸಹಾಯ ಸಂಘದ ಮೂಲಕ ಡಮಾಮಿ ಹೆಸರಿನ ಸಮುದಾಯ ಪ್ರವಾಸೋದ್ಯಮ ನಡೆಸುತ್ತಾರೆ. ಮೈಬಣ್ಣಕ್ಕಾಗಿ, ಕೂದಲಿಗಾಗಿ ತಲೆಮಾರುಗಳ ಕಾಲ ದಿಟ್ಟಿಸಿ ನೋಡಿಸಿಕೊಂಡ ಜನ ಅವರು. ಅವರ ಕುಣಿತವನ್ನು ಟಿಕೆಟ್ಟಿಗೆ ಕಟ್ಟಿದರೆ ಹಳೆಯ ಅವಮಾನಕ್ಕೆ ಹೊಸ ಬಟ್ಟೆ ತೊಡಿಸಿದಂತಾಗದೇ? ಹೊರಗಿನವನು ಕರೆಸಿ ಕುಣಿಸಿದರೆ ಖಂಡಿತ ಆಗುತ್ತದೆ. ತಮ್ಮ ಅಂಗಳದಲ್ಲಿ, ತಾವು ಗೊತ್ತುಮಾಡಿದ ಹೊತ್ತಿಗೆ ತಾವೇ ಕುಣಿದು, ಇಂದು ಮನೆಯಲ್ಲಿ ಸಾವಾಗಿದೆ, ಬರಬೇಡಿ ಎಂದು ಹೇಳುವ ಅಧಿಕಾರ ಉಳಿಸಿಕೊಂಡರೆ ಆಗುವುದಿಲ್ಲ. ಬೇಡ ಎನ್ನಲಾಗದ ಆತಿಥ್ಯ ಸೇವೆಯಲ್ಲ, ಜೀತ.

ಊರಿನ ಹುಡುಗರು ಕೃಷಿ ಬಿಟ್ಟು ಪ್ರವಾಸಿಗರ ಬ್ಯಾಗು ಹೊರುವವರಾಗುತ್ತಾರೆ ಎನ್ನುವವರ ಮಾತಿನಲ್ಲೂ ಹುರುಳಿದೆ. 2020ರ ಲಾಕ್‌ಡೌನಿನಲ್ಲಿ ಪ್ರವಾಸವನ್ನೇ ನೆಚ್ಚಿದ ಊರುಗಳು ಒಂದೇ ವಾರದಲ್ಲಿ ಬರಿಗೈಯಾದವು. ಹೊಲ, ದನ, ಕೈಕಸಬಿನ ಜೊತೆಗೆ ಇದೂ ಒಂದಾಗಿರಬೇಕೇ ಹೊರತು ಇದೇ ಎಲ್ಲವಾಗಬಾರದು. ಆದರೂ ಮಾಗಡಿ ರಸ್ತೆಯ ಬಾಡಿಗೆ ಕೋಣೆಗಳಲ್ಲಿ ನಾಲ್ವರು ಐವರು ಸೇರಿ ಮಲಗಿ ಗಾರ್ಮೆಂಟ್ಸಿಗೆ, ಡೆಲಿವರಿಗೆ ಹೋಗುವ ಯುವಕರಿಗೆ ಊರಿನಲ್ಲೇ ಉಳಿಯುವ ದಾರಿಯೊಂದು ಸಿಕ್ಕರೆ ಅದನ್ನು ಹಗುರವಾಗಿ ಕಾಣಲಾಗದು.

ಬೆಂಗಳೂರಿನ ಹೇರೋಹಳ್ಳಿಯಿಂದಲೋ ವಿಜಯನಗರದಿಂದಲೋ ಮುಂದಿನ ರಜೆಗೆ ಹೊರಡುವವರಲ್ಲಿ ಒಂದೇ ಕೋರಿಕೆ. ಕೋಣೆ ಕಾಯ್ದಿರಿಸುವ ಮೊದಲು ಫೋನ್ ಮಾಡಿ ಕೇಳಿ: ಅಡುಗೆ ಮಾಡುವವರು ಯಾರು, ಈ ಹಣ ಯಾರ ಖಾತೆಗೆ ಹೋಗುತ್ತದೆ? ಉತ್ತರ ತೃಪ್ತಿ ತಂದರೆ ಹೋಗಿ. ಕೇಳಿದ ಹಣವನ್ನು ಚೌಕಾಸಿ ಮಾಡದೆ ಕೊಡಿ, ಉಂಡ ತಟ್ಟೆಯನ್ನು ನೀವೇ ತೊಳೆದಿಡಿ.