ನಿವೇದನೆಗೊಂದು ಹಿಡಿ ಸೊಪ್ಪು



ಎಲೆ, ಹೂವು, ಹಣ್ಣು, ನೀರು, ಇವುಗಳಲ್ಲಿ ಯಾವುದನ್ನೇ ಆಗಲಿ ಭಕ್ತಿಯಿಂದ ಅರ್ಪಿಸಿದರೆ ತಾನು ಸ್ವೀಕರಿಸುವೆನೆಂದು ಶ್ರೀಕೃಷ್ಣನು ಗೀತೆಯ 9ನೆಯ ಅಧ್ಯಾಯದಲ್ಲಿ ಅಭಯವಿತ್ತಿದ್ದಾನೆ. ಈ ನಾಲ್ಕರಲ್ಲಿ ಒಂದೂ ದೂರದಿಂದ ತರಿಸಬೇಕಾದ ವಸ್ತುವಲ್ಲ. ಪರಸ್ಥಳದಲ್ಲಿ ನೆಲೆಸಿದ ನಾವು ಮಾತ್ರ ಊರಿನಿಂದ ಬಂದುದೇ ಶ್ರೇಷ್ಠವೆಂದು ಭಾವಿಸುತ್ತೇವೆ. ಉಡುಪಿಯಿಂದ ಬರುವವರ ಕೈಯಲ್ಲಿ ಮಟ್ಟುಗುಳ್ಳವನ್ನು ತರಿಸಿ, ಮುಂಬಯಿ ಮುಟ್ಟುವಾಗ ಅದು ಬಾಡಿದ್ದರೂ ಸಂತೋಷಪಡುತ್ತೇವೆ.

ಮಟ್ಟುಗುಳ್ಳದ ಹಿರಿಮೆ ದೊಡ್ಡದು. ಶ್ರೀವಾದಿರಾಜತೀರ್ಥರು ಮಟ್ಟು ಗ್ರಾಮದವರಿಗೆ ಅದರ ಬೀಜವನ್ನು ಅನುಗ್ರಹಿಸಿದರೆಂಬುದು ಸಂಪ್ರದಾಯ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಆದರೆ ಗುರುಗಳು ಕೊಟ್ಟುದು ಕಾಯಿಯನ್ನಲ್ಲ, ಬೀಜವನ್ನು. ಗ್ರಾಮದವರು ತಾವಿದ್ದ ಮಣ್ಣಿನಲ್ಲಿ ದುಡಿದು ಬೆಳೆದು ಸ್ವಾಮಿಗೆ ಒಪ್ಪಿಸಿದರು. ನಾವು ಅನುಸರಿಸಬೇಕಾದುದು ಆ ಮಾರ್ಗವನ್ನು.

ಹಾಗೆಂದು ಹತ್ತಿರದಲ್ಲಿ ಬೆಳೆದುದೆಲ್ಲ ನಿವೇದನಾರ್ಹವೂ ಅಲ್ಲ. ಮುಂಬಯಿಯ ರೈಲು ಹಳಿಗಳ ಪಕ್ಕದಲ್ಲಿ ಸೊಪ್ಪು, ಬೆಂಡೆಗಳ ಪಾತಿಗಳನ್ನು ಲೋಕಲ್ ಗಾಡಿಯಲ್ಲಿ ಓಡಾಡಿದವರು ಕಂಡಿರಬಹುದು. ರೈಲ್ವೆ ಸೇವೆಯಲ್ಲಿದ್ದಾಗ ನಾವು ಅಂಥ ಸೊಪ್ಪನ್ನು ತಾಜಾ ಎಂದು ಕೊಂಡೊಯ್ದು ನೈವೇದ್ಯಕ್ಕೆ ಬಳಸಿದ್ದುಂಟು. ಒಂದು ಮುಂಜಾನೆ, ಪಾತಿಗೆ ಹಾಯುತ್ತಿದ್ದುದು ಚರಂಡಿಯ ನೀರೆಂದು ಕಣ್ಣಾರೆ ಕಂಡೆವು. ಬೆಳೆದವನನ್ನು ದೂರಲಾರೆವು; ಅವನಿಗೆ ದೊರೆತ ನೀರು ಅದು. ಮಡಿಯುಟ್ಟು ಅಡಿಗೆ ಮಾಡಿದ ಮನೆಯವರ ದೋಷವೂ ಅಲ್ಲ. ಬೆಲೆಯನ್ನು ಕೇಳಿ, ನೀರನ್ನು ಕೇಳದಿದ್ದ ತಪ್ಪು ನಮ್ಮದು.

ಇದಕ್ಕೊಂದು ಪರಿಹಾರ ನಮ್ಮ ವ್ರತಾಚರಣೆಯಲ್ಲಿಯೇ ಇದೆ. ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ. ಆಷಾಢ ಶುದ್ಧದಿಂದ ಶ್ರಾವಣ ಶುದ್ಧದವರೆಗೆ ತರಕಾರಿ, ಸೊಪ್ಪುಗಳನ್ನು ಬಿಡುತ್ತೇವೆ. ಆ ತಿಂಗಳು ಬಿಡುವುದಕ್ಕೆ ಮಾತ್ರವಲ್ಲ, ಬಿತ್ತುವುದಕ್ಕೂ ಸಲ್ಲಲಿ. ವ್ರತದ ಆರಂಭದಲ್ಲಿಯೇ ಅಡಿಗೆಮನೆಯ ಒಂದು ಹಿಡಿ ಮೆಂತ್ಯವನ್ನು ರಾತ್ರಿ ನೆನೆಸಿ, ತಳದಲ್ಲಿ ರಂಧ್ರವಿರುವ ಅಗಲವಾದ ಕುಂಡದಲ್ಲಿ ಬಿತ್ತಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿರಿ. ಬೆಳಕು ಬರುವ, ಮಳೆಯ ಎರಚಲು ಬೀಳದ ಕಿಟಕಿಯ ಬಳಿ ಇಡಿರಿ. ನೀರು ನಿಂತರೆ ಬೇರು ಕೊಳೆಯುತ್ತದೆ. ಅಕ್ಕಿ ತೊಳೆದ ನೀರಾಗಬಹುದು, ಮುಸುರೆಯ ನೀರು ಬೇಡ. ಮೂರು ನಾಲ್ಕು ವಾರಗಳಲ್ಲಿ ಸೊಪ್ಪು ಕೈಗೆ ಬರುತ್ತದೆ. ವ್ರತ ಮುಗಿದು ಮೊದಲ ಬಾರಿಗೆ ಶಾಕವನ್ನು ನಿವೇದಿಸುವ ದಿನಕ್ಕೆ ಅದು ಸಿದ್ಧವಾಗಿರುತ್ತದೆ.

ನಗರದಲ್ಲಿ ಹಣವಿದ್ದವನಿಗೆ ಯಾವ ಹೊತ್ತಿನಲ್ಲಿಯೂ ಎಲ್ಲವೂ ದೊರೆಯುತ್ತದೆ. ಇದರಿಂದ ನಾವೇ ಸ್ವತಂತ್ರರೆಂಬ ಭ್ರಾಂತಿ ಬೆಳೆಯುತ್ತದೆ. ಬಿತ್ತಿ, ನೀರೆರೆದು, ಕಾದು ಕುಳಿತವನಿಗೆ ಮೊಳಕೆಯೊಡೆಯುವುದು ತನ್ನ ಕೈಯ ಕೆಲಸವಲ್ಲವೆಂದು ತಿಳಿಯುತ್ತದೆ. ಶ್ರೀಹರಿಯೊಬ್ಬನೇ ಸ್ವತಂತ್ರ, ಉಳಿದುದೆಲ್ಲ ಪರತಂತ್ರ ಎಂಬ ಶ್ರೀಮದಾಚಾರ್ಯರ ಸಿದ್ಧಾಂತವನ್ನು ಮಕ್ಕಳಿಗೆ ತೋರಿಸಲು ಆ ಕುಂಡವೇ ಸಾಕು. ಬಿತ್ತುವ ಕೆಲಸವನ್ನು ಅವರಿಗೇ ಬಿಡಿರಿ.

ಒಂದು ಕುಂಡದಿಂದ ಸಂಸಾರದ ಹೊಟ್ಟೆ ತುಂಬದು, ನಿಜ. ಉಳಿದುದನ್ನು ಪೇಟೆಯಲ್ಲಿ ಕೊಳ್ಳಲೇಬೇಕು. ಕೊಳ್ಳುವಾಗ ಎಲ್ಲಿ ಬೆಳೆದುದು, ಯಾವ ನೀರಿನದು ಎಂದು ವಿಚಾರಿಸೋಣ. ನಿವೇದನೆಗಾದರೋ ಹಿಡಿ ಸೊಪ್ಪು ಸಾಲದೇ? ವನವಾಸದಲ್ಲಿ ದ್ರೌಪದೀದೇವಿಯ ಪಾತ್ರೆಗೆ ಅಂಟಿದ್ದ ಶಾಕದ ಚೂರೊಂದನ್ನು ಸ್ವೀಕರಿಸಿ ತೃಪ್ತನಾದ ಸ್ವಾಮಿಯೇ ನಮ್ಮ ಮನೆಯ ದೇವರ ಪೀಠದಲ್ಲಿಯೂ ಇದ್ದಾನೆ.

॥ ಶ್ರೀಕೃಷ್ಣಾರ್ಪಣಮಸ್ತು ॥