ತಳಹದಿಯೂ ವಿವೇಕವೂ

ಜೀವನಕ್ಕೆ ಭದ್ರವಾದ ತಳಹದಿ ಬೇಕೆಂಬ ಮಾತನ್ನು ಕೇಳದವರಿಲ್ಲ. ರಾಯಚೂರು, ಕಲಬುರಗಿ, ವಿಜಯಪುರ, ಬಾಗಲಕೋಟೆಗಳಿಂದಲೂ ಉಡುಪಿಯ ಕಡೆಯಿಂದಲೂ ಉದ್ಯೋಗನಿಮಿತ್ತ ಪುಣೆಗೆ ಬಂದು ಕೊಂಢವಾದಂತಹ ಬಡಾವಣೆಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗಂತೂ ಇದು ಮನೆಮಾತೇ ಆಗಿದೆ. ಸ್ವಂತ ಫ್ಲ್ಯಾಟು, ತೀರಿದ ಸಾಲ, ಮಕ್ಕಳ ಇಂಜಿನಿಯರಿಂಗ್ ಪದವಿ, ಬ್ಯಾಂಕಿನಲ್ಲಿ ಒಂದಿಷ್ಟು ಠೇವಣಿ, ಇಷ್ಟಾದರೆ ತಳಹದಿ ಬಿದ್ದಂತಾಯಿತೆಂದು ಭಾವಿಸುವುದು ಸಹಜ. ಗೃಹಸ್ಥರಾದ ನಾವು ಇವು ಬೇಡವೆಂದು ಹೇಳಿದರೆ ಅದು ಬರಿಯ ಆಡಂಬರದ ಮಾತಾದೀತು. ಆದರೆ ಇವು ತಳಹದಿಯೋ, ತಳಹದಿಯ ಮೇಲೆ ಎದ್ದುನಿಂತ ಕಟ್ಟಡವೋ ಎಂಬುದು ವಿಚಾರಾರ್ಹ.

ನಮ್ಮ ಸೀಮೆಯ ಗೌಂಡಿಗಳಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಬಿರುಕುಬಿಟ್ಟು ಕುಗ್ಗುತ್ತದೆ. ಅದರ ಮೇಲೆ ನೇರವಾಗಿ ಎಬ್ಬಿಸಿದ ಗೋಡೆ ಕೆಲವೇ ವರ್ಷಗಳಲ್ಲಿ ಸೀಳುತ್ತದೆ. ಆದ್ದರಿಂದ ಎರೆಯನ್ನೆಲ್ಲ ತೆಗೆದು, ಗಟ್ಟಿ ಮುರುಮು ಅಥವಾ ಕರಿಯ ಬಂಡೆ ಸಿಗುವವರೆಗೂ ಅಗೆಯುತ್ತಾರೆ. ಅಗೆಯುವ ದಿನಗಳಲ್ಲಿ ಮನೆ ಒಂದಂಗುಲವೂ ಮೇಲೇಳುವುದಿಲ್ಲ. ಹಣ ಮಾತ್ರ ಖರ್ಚಾಗುತ್ತಿರುತ್ತದೆ. ವಿವೇಕವೂ ಬೆಳೆಯುವುದು ಇದೇ ರೀತಿಯಲ್ಲಿ, ಪರರ ಕಣ್ಣಿಗೆ ಬೀಳದಂತೆ.

1993ರ ಸೆಪ್ಟೆಂಬರ್ 30ರಂದು, ಗಣಪತಿ ವಿಸರ್ಜನೆಯ ಮರುದಿನದ ಬೆಳಗಿನ ಜಾವ, ಲಾತೂರು ಜಿಲ್ಲೆಯ ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳು ಭೂಕಂಪಕ್ಕೆ ಸಿಕ್ಕಿದವು. ಸುಮಾರು 10,000 ಜನ ಅಸುನೀಗಿದರು. ಅಲ್ಲಿಯ ಮನೆಗಳ ಗೋಡೆಗಳು ತೆಳುವಾಗಿರಲಿಲ್ಲ. ಅತ್ಯಂತ ದಪ್ಪವಾದ ಕಲ್ಲಿನ ಗೋಡೆಗಳು, ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಆದರೆ ಕಲ್ಲುಗಳ ನಡುವೆ ಇದ್ದದ್ದು ಬರಿಯ ಮಣ್ಣು. ಒಳಮುಖವನ್ನೂ ಹೊರಮುಖವನ್ನೂ ಸೇರಿಸಿ ಹಿಡಿಯುವ ಉದ್ದಕಲ್ಲುಗಳನ್ನು ನಡುನಡುವೆ ಇಡುವ ಪದ್ಧತಿ ತಪ್ಪಿಹೋಗಿತ್ತು. ನೆಲ ನಡುಗಿದೊಡನೆ ಎರಡು ಮುಖಗಳೂ ಬೇರೆಯಾಗಿ, ನಂಬಿ ಮಲಗಿದ್ದವರ ಮೇಲೆಯೇ ಕುಸಿದವು. ಭಾರವೇ ಬಲವೆಂಬ ಭ್ರಮೆಗೆ ಇದಕ್ಕಿಂತ ಘೋರವಾದ ಉತ್ತರ ಬೇಡ.

ವಿದ್ಯೆಯ ವಿಷಯದಲ್ಲಿಯೂ ಈ ಭ್ರಮೆ ಪ್ರಬಲವಾಗಿದೆ. ಎಷ್ಟು ಸ್ತೋತ್ರ ಕಂಠಸ್ಥವಾಯಿತು, ಎಷ್ಟು ಪ್ರವಚನ ಕೇಳಿದ್ದಾಯಿತು, ಮಗ ಎಷ್ಟನೆಯ ರ‍್ಯಾಂಕು ಎಂಬ ಎಣಿಕೆಯಲ್ಲಿ ಗೋಡೆ ದಪ್ಪವಾಗುತ್ತ ಹೋಗುತ್ತದೆ. ಕೇಳಿದ್ದನ್ನೂ ನಡೆಯುವುದನ್ನೂ ಸೇರಿಸಿ ಹಿಡಿಯುವ ಕಲ್ಲು ಯಾವುದು? ಶ್ರವಣದ ನಂತರ ಮನನವನ್ನು ಶಾಸ್ತ್ರವು ವಿಧಿಸಿರುವುದು ಇದಕ್ಕಾಗಿಯೇ ಎಂದು ನಮಗೆ ತೋರುತ್ತದೆ. ಕೇಳಿದ್ದನ್ನು ಯುಕ್ತಿಯಿಂದ ಪರೀಕ್ಷಿಸಿ, ಸಂಶಯವನ್ನು ಎದುರಿಸಿ ಕಳೆದುಕೊಂಡ ಮೇಲಷ್ಟೇ ಅದು ನಮ್ಮದಾಗುತ್ತದೆ. ಪ್ರಶ್ನೆ ಕೇಳಿದ ಹುಡುಗನನ್ನು "ಸುಮ್ಮನಿರು, ಅಧಿಕಪ್ರಸಂಗ ಬೇಡ" ಎಂದು ಗದರಿಸುವ ಹಿರಿಯರು ಆ ಉದ್ದಕಲ್ಲನ್ನೇ ಕಿತ್ತು ಎಸೆಯುತ್ತಿರುತ್ತಾರೆ.

ಇಷ್ಟಕ್ಕೆ ನಿಂತರೆ ತಳಹದಿಯೆಂಬುದು ನಮ್ಮ ಮನೆಯ, ನಮ್ಮ ಕ್ಷೇಮದ ಪ್ರಶ್ನೆಯಾಗಿಯೇ ಉಳಿಯುತ್ತದೆ. ಕೊಂಢವಾದಲ್ಲಿ ವಾಸಿಸುವವರು ಇಷ್ಟಕ್ಕೆ ನಿಲ್ಲುವಂತಿಲ್ಲ.

2019ರ ಜೂನ್ 29ರಂದು, ಮಧ್ಯರಾತ್ರಿ ಕಳೆದ ಮೇಲೆ, ಜೋರು ಮಳೆಯ ನಂತರ, ಇಲ್ಲಿಯ ಒಂದು ವಸತಿ ಸಮುಚ್ಚಯದ ಆವರಣಗೋಡೆ ಕುಸಿಯಿತು. ಮೇಲೆ ನಿಲ್ಲಿಸಿದ್ದ ಕಾರುಗಳೂ ಅದರೊಂದಿಗೆ ಜಾರಿದವು. ಗೋಡೆಯ ಕೆಳಗೆ, ಪಕ್ಕದ ನಿವೇಶನದಲ್ಲಿ, ಕಟ್ಟಡದ ಕೆಲಸಕ್ಕೆ ಬಂದ ಕೂಲಿಕಾರರ ತಗಡಿನ ಶೆಡ್ಡುಗಳಿದ್ದವು. 15 ಜನ ಸತ್ತರು. ಅವರಲ್ಲಿ 4 ಮಕ್ಕಳು. ಹೆಚ್ಚಿನವರು ಬಿಹಾರದಿಂದ ಬಂದವರು. ಅವರೂ ನಮ್ಮಂತೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಪುಣೆಗೆ ಬಂದವರೇ.

ಗೋಡೆಯ ಒಳಗಿದ್ದವರು ಬದುಕಿದರು, ಹೊರಗಿದ್ದವರು ಸತ್ತರು. ತಪ್ಪು ಯಾರದೆಂಬ ನಿರ್ಣಯ ನ್ಯಾಯಾಲಯದ ಕೆಲಸ, ನಮ್ಮದಲ್ಲ. ಆದರೆ ಒಬ್ಬರ ಭದ್ರತೆಗಾಗಿ ಎದ್ದ ಗೋಡೆಯ ದೌರ್ಬಲ್ಯದ ಬೆಲೆಯನ್ನು ಬೇರೆಯವರು ತೆರುತ್ತಾರೆಂಬ ಸಂಗತಿಯನ್ನು ವಿವೇಕಿಗಳು ಮರೆಯಲಾಗದು.

ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ಜ್ಞಾನವೆಂದರೇನೆಂದು ಭಗವಂತನು ಎಣಿಸುವಾಗ ಪಾಂಡಿತ್ಯದಿಂದ ಆರಂಭಿಸುವುದಿಲ್ಲ. ಮೊದಲಿಗೆ ಬರುವುದು ನಿರಭಿಮಾನ, ಡಂಭವಿಲ್ಲದಿರುವಿಕೆ, ಅಹಿಂಸೆ, ಕ್ಷಮೆ, ಋಜುತ್ವ. ಅಹಿಂಸೆಯು ಜ್ಞಾನದ ಪಟ್ಟಿಯಲ್ಲಿ ಏಕಿರಬೇಕು? ಅದು ನಡತೆಯ ವಿಷಯವಲ್ಲವೇ? ನಮ್ಮಿಂದ ಯಾರಿಗೆ ನೋವಾಗುತ್ತಿದೆ ಎಂಬುದು ತಿಳಿಯದವನಿಗೆ ಅಹಿಂಸೆ ಅಸಾಧ್ಯ. ತಿಳಿಯಲು ಇಚ್ಛಿಸದವನಿಗಂತೂ ಇನ್ನೂ ದೂರ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಜಗತ್ತು ಸತ್ಯ, ಜೀವಜೀವರ ಭೇದವೂ ಸತ್ಯ. ಹಾಗಾದರೆ ತಗಡಿನ ಶೆಡ್ಡಿನಲ್ಲಿ ಮಲಗಿದವನ ದುಃಖವೂ ನಿಜವಾದದ್ದೇ, ಅವನದೇ ಆದದ್ದು; ಮಾಯೆಯೆಂದು ತಳ್ಳಿಹಾಕುವ ಅನುಕೂಲ ನಮಗಿಲ್ಲ. ಪಂಚಭೇದವನ್ನು ಬಾಯಿಪಾಠ ಒಪ್ಪಿಸುವವರು ಈ ಅರ್ಥದ ಕಡೆಗೆ ಹೆಚ್ಚು ಗಮನವಿತ್ತಂತೆ ಕಾಣುವುದಿಲ್ಲ.

ಜೀವನು ಪರತಂತ್ರನೆಂಬುದೂ ಇಲ್ಲಿ ಸ್ಮರಣೀಯ. ಸ್ವಪ್ರಯತ್ನದಿಂದ ಮೇಲೆ ಬಂದೆವೆಂದು ಹೇಳಿಕೊಳ್ಳುವ ಕುಟುಂಬವು ಮೊದಲು ಹರಿಯ ಆಧೀನ. ಅವನ ಅನುಗ್ರಹವಾದರೂ ಎಷ್ಟೋ ಜನರ ಕೈಗಳ ಮೂಲಕವೇ ನಮ್ಮನ್ನು ತಲುಪುತ್ತದೆ: ಊರಿನಲ್ಲಿ ಹೊಲ ಮಾರಿ ಓದಿಸಿದ ತಂದೆ, ಇಲ್ಲಿ ಪಾಯ ತೋಡಿದ ಕೂಲಿಯವ, ರಾತ್ರಿ ಗೇಟು ಕಾಯುವವ.

ಎತ್ತರದ ಮಣ್ಣನ್ನು ತಡೆಯುವ ಗೋಡೆಯಲ್ಲಿ ನೀರು ಹೊರಹೋಗಲು ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಅವು ಕಸದಿಂದ ಮುಚ್ಚಿದರೆ ಮಳೆಯ ನೀರು ಹಿಂದೆ ನಿಂತು ಗೋಡೆಯನ್ನು ನೂಕುತ್ತದೆ. ಬುಡದಲ್ಲಿ ಯಾರಾದರೂ ಆಳವಾಗಿ ಅಗೆದರಂತೂ ಹೇಳುವುದೇ ಬೇಡ. ಇದನ್ನು ನೋಡಲು ಇಂಜಿನಿಯರೇ ಆಗಬೇಕಿಲ್ಲ. ಮೂರನೆಯ ಮಹಡಿಯ ಬಾಲ್ಕನಿಯಿಂದ ಕೆಳಗೆ ನೋಡಿದರೆ ಸಾಕು. ಪಕ್ಕದ ನಿವೇಶನದ ಅಗೆತದ ಬಗ್ಗೆ ಧೂಳಿನ ದೂರು ಕೊಡುವವರು ಬಹಳ, ಅಲ್ಲಿ ಮಲಗುವವರ ಬಗ್ಗೆ ಕೇಳುವವರು ವಿರಳ.

2019ರಲ್ಲಿ ಆ ಗೋಡೆ ಬಿದ್ದದ್ದು ಶಯನೀ ಏಕಾದಶಿಗೆ ಎರಡು ವಾರಗಳ ಮುಂಚೆ. ಚಾತುರ್ಮಾಸ್ಯದ ಸಿದ್ಧತೆಯೆಂದರೆ ನಮ್ಮ ಮನೆಗಳಲ್ಲಿ ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತಗಳ ಲೆಕ್ಕಾಚಾರ. ಅದು ನಡೆಯಲಿ. ಜೊತೆಗೆ ಮಳೆ ಹಿಡಿಯುವ ಮೊದಲು ಮನೆಗೊಬ್ಬರಂತೆ ಸೊಸೈಟಿಯ ಸಭೆಗೆ ಹೋಗಿ, ಗೋಡೆಯ ರಂಧ್ರಗಳನ್ನು ಯಾವಾಗ ತೆರವು ಮಾಡಿಸಿದ್ದೀರಿ, ಅದರ ಬುಡದಲ್ಲಿ ಯಾರು ವಾಸವಾಗಿದ್ದಾರೆ ಎಂಬೆರಡು ಪ್ರಶ್ನೆಗಳನ್ನು ಕೇಳಬಹುದು. ಸಭೆಗಳು ಸಾಮಾನ್ಯವಾಗಿ ಭಾನುವಾರ ಇರುತ್ತವೆ. ದೇವರಪೂಜೆ ಮುಗಿಸಿಕೊಂಡೇ ಹೋಗಬಹುದು.