ನಲ್ಲಿ ನನ್ನದು, ನೀರು ಯಾರದು?

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯೋ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ. ಆ ವಾರ ನಮ್ಮ ಆಫೀಸಿನ ಕ್ಯಾಂಟೀನಲ್ಲಿ ಎರಡು ಪಕ್ಷ ಆಯ್ತು. ಒಂದು ಪಕ್ಷ, "ಕೆರೆಗಳನ್ನೆಲ್ಲ ಲೇಔಟ್ ಮಾಡೋಕೆ ಬಿಟ್ಟು ಈಗ ನಮ್ಮ ಬಕೆಟ್ ಲೆಕ್ಕ ಹಾಕ್ತಾರಾ? ಟ್ಯಾಕ್ಸ್ ಕಟ್ತೀವಿ, ನೀರು ಕೊಡೋದು ಸರ್ಕಾರದ ಕೆಲಸ" ಅಂತು. ಇನ್ನೊಂದು ಪಕ್ಷ, "ಜನಾನೇ ಸರಿ ಇಲ್ಲ ಕಣ್ರೀ, ಸರ್ಕಾರ ಏನು ಮಾಡುತ್ತೆ?" ಅಂತು.

ಎರಡು ಮಾತಲ್ಲೂ ಅರ್ಧ ಸತ್ಯ ಇದೆ. ಎರಡರಲ್ಲೂ ಒಂದು ಅನುಕೂಲಾನೂ ಇದೆ. ಸರ್ಕಾರ ಮಾಡಲಿ ಅನ್ನುವವನಿಗೆ ತಾನು ಮಾಡೋದು ಏನೂ ಉಳಿಯೋದಿಲ್ಲ. ಜನ ಸರಿ ಇಲ್ಲ ಅನ್ನುವವನು ಆ ಜನರಲ್ಲಿ ತನ್ನನ್ನು ಸೇರಿಸಿಕೊಂಡಿರೋದಿಲ್ಲ. ಹಾಗಾದ್ರೆ ಯಾವುದು ನನ್ನ ಹೊಣೆ, ಯಾವುದು ಸರ್ಕಾರದ್ದು? ಗೆರೆ ಎಲ್ಲಿ ಎಳೆಯೋದು?

ನಾನು ಕೋಲಾರ ಜಿಲ್ಲೆಯ ಹಳ್ಳಿಯವನು. ನದಿ ಅಂತ ನೆಚ್ಚಿಕೊಳ್ಳೋಕೆ ನಮಗೆ ಏನೂ ಇಲ್ಲ. ಕೆರೆ, ಇಲ್ಲ ಬೋರ್‌ವೆಲ್. ನೆಲದ ಮೇಲೆ ನಮ್ಮ ಹೊಲಕ್ಕೂ ಪಕ್ಕದವರ ಹೊಲಕ್ಕೂ ಬದು ಇದೆ, ನೆಲದ ಕೆಳಗೆ ಇಲ್ಲ. ಆದರೆ ಬ್ರಿಟಿಷರು 1882ರಲ್ಲಿ ಮಾಡಿದ ಈಸ್‌ಮೆಂಟ್ಸ್ ಕಾಯ್ದೆಯ ಪ್ರಕಾರ ಜಮೀನಿನ ಒಡೆಯ ತನ್ನ ನೆಲದ ಕೆಳಗಿನ ನೀರನ್ನು ಎತ್ತಿಕೊಳ್ಳಬಹುದು. ಈಗ ನಮ್ಮಪ್ಪ "ಈ ವರ್ಷ ಟೊಮೆಟೊ ಬೇಡ, ರಾಗಿ ಹಾಕೋಣ, ನೀರು ಉಳೀಲಿ" ಅಂದರು ಅಂತಿಟ್ಟುಕೊಳ್ಳಿ. ಉಳಿದ ನೀರು ನಮ್ಮ ಬೋರಲ್ಲೇ ಕೂತಿರುತ್ತಾ? ಪಕ್ಕದವರು ಇನ್ನೂ ಆಳಕ್ಕೆ ಕೊರೆಸಿದ್ದರೆ ಅವರ ಪಂಪಿಗೆ ಹೋಗುತ್ತೆ. ಅವರೂ ಕೆಟ್ಟವರಲ್ಲ, ಸಾಲ ತೀರಿಸಬೇಕು. ಒಳ್ಳೆಯವನಾಗಿದ್ದಕ್ಕೆ ಸಿಕ್ಕಿದ್ದು ನಷ್ಟ. ಇಂಥ ಕಡೆ ನಿಂತುಕೊಂಡು ರೈತನಿಗೆ "ವೈಯಕ್ತಿಕ ಜವಾಬ್ದಾರಿ" ಅಂತ ಉಪದೇಶ ಮಾಡೋದು ಅನ್ಯಾಯ. ಇಲ್ಲಿ ಬೇಕಾಗಿರೋದು ಎಲ್ಲರಿಗೂ ಒಂದೇ ಆಗಿರೋ ಕಟ್ಟುಪಾಡು. ಅಂತರ್ಜಲ ನಿಯಂತ್ರಣಕ್ಕೆ ಕರ್ನಾಟಕ 2011ರಲ್ಲಿ ಕಾಯ್ದೆ ತಂದಿದೆ, ಅಧಿಸೂಚಿತ ಪ್ರದೇಶಗಳಲ್ಲಿ ಬೋರ್ ಕೊರೆಸೋಕೆ ಅನುಮತಿ ಬೇಕು. ಅದನ್ನು ನಿಜಕ್ಕೂ ಜಾರಿ ಮಾಡೋದು ನಮ್ಮಪ್ಪನ ಕೈಲಿಲ್ಲ.

ಅಂದಮಾತ್ರಕ್ಕೆ ಎಲ್ಲದಕ್ಕೂ ಸರ್ಕಾರವೇ ಆಗಬೇಕು ಅಂತಲೂ ಅಲ್ಲ. ಹಿಂದೆ ನಮ್ಮ ಕಡೆ ಕೆರೆ ತೂಬು ಎತ್ತೋಕೆ ನೀರಗಂಟಿ ಇರ್ತಿದ್ದ. ಯಾವ ಗದ್ದೆಗೆ ಯಾವತ್ತು ಎಷ್ಟು ನೀರು ಅಂತ ಅವನೇ ನೋಡಿಕೊಳ್ಳುತ್ತಿದ್ದ, ಸುಗ್ಗಿಯಲ್ಲಿ ಊರವರು ಅವನಿಗೆ ಕಾಳು ಅಳೆಯುತ್ತಿದ್ದರು. ಬೇಸಿಗೆಯಲ್ಲಿ ಹೂಳು ತೆಗೆದು ಹೊಲಕ್ಕೆ ಹೊಡೆಯೋರು. ಎಲಿನಾರ್ ಆಸ್ಟ್ರಂ ಜಗತ್ತಿನ ಹಲವು ಕಡೆ ಇಂಥ ಏರ್ಪಾಡುಗಳನ್ನು ಅಧ್ಯಯನ ಮಾಡಿ, ಜನ ತಾವೇ ನಿಯಮ ಮಾಡಿಕೊಂಡು ಸಾಮೂಹಿಕ ಸಂಪತ್ತನ್ನು ಕಾಪಾಡಿಕೊಳ್ಳಬಲ್ಲರು ಅಂತ ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಆದರೆ ಹಳ್ಳಿಯನ್ನು ಸ್ವರ್ಗ ಮಾಡೋದು ಬೇಡ. ತೂಬು ಎತ್ತೋ ನೀರಗಂಟಿ ಬಹಳ ಕಡೆ ದಲಿತನೇ ಆಗಿರ್ತಿದ್ದ, ಅವನ ಕೇರಿಗೆ ಊರ ಬಾವಿ ಮುಟ್ಟೋ ಹಕ್ಕು ಇರ್ತಿರಲಿಲ್ಲ. ನೆರೆಹೊರೆಯ ಒಪ್ಪಂದ ಎಷ್ಟೇ ಚೆನ್ನಾಗಿದ್ದರೂ ಅದರಿಂದ ಹೊರಗುಳಿದವನ ಪರ ನಿಲ್ಲೋಕೆ ಊರಿಗಿಂತ ದೊಡ್ಡದೊಂದು ಬೇಕು. ನನ್ನ ಪ್ರಕಾರ ಸರ್ಕಾರ ಬೇಕಾಗೋ ಮೊದಲ ಕಾರಣ ಇದು.

ಊರು ಬಿಟ್ಟು ಅಪಾರ್ಟ್‌ಮೆಂಟಿಗೆ ಬನ್ನಿ. ನೀರಿನ ಬಿಲ್ಲನ್ನು ಚದರಡಿ ಲೆಕ್ಕದಲ್ಲಿ ಹಂಚಿದರೆ ಯಾರೂ ನಲ್ಲಿ ಕಡೆ ನೋಡೋದಿಲ್ಲ. ಫ್ಲಾಟಿಗೊಂದು ಮೀಟರ್ ಹಾಕಿದ ತಿಂಗಳಿಂದ ಸೋರುವ ಫ್ಲಶ್ ರಿಪೇರಿಯಾಗುತ್ತೆ. ಜನ ಅವರೇ, ಅವರ ಗುಣವೇನೂ ಬದಲಾಗಲಿಲ್ಲ. ತಾನು ಬಳಸಿದ್ದು ಎಷ್ಟು ಅಂತ ಕಣ್ಣಿಗೆ ಕಂಡಿತು. ಹೊಣೆ ಹೊರೋಕೆ ಅದರ ತೂಕ ಗೊತ್ತಾಗಬೇಕಲ್ವಾ?

"ಹಾಗಾದ್ರೆ ಜವಾಬ್ದಾರಿ ಅಂದ್ರೆ ಬರೀ ಬಿಲ್ಲಿನ ಭಯಾನಾ?" ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಒಳ್ಳೆ ಸಂಬಳ ಇರೋರಿಗೆ 5,000 ರೂಪಾಯಿ ದಂಡ ಅಲ್ಲ, ಕಾರು ತೊಳೆಯೋ ಫೀಸು. ಅದನ್ನು ಕಟ್ಟಿ ತೊಳೆದುಕೊಳ್ಳಬಹುದು. ಆದರೆ ಕಟ್ಟಿದ ದುಡ್ಡಿಂದ ಒಂದು ಕೊಡ ನೀರೂ ಹುಟ್ಟೋದಿಲ್ಲ, ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಆಗಿ ಬಂದ ಕಾವೇರಿ ಚರಂಡಿ ಸೇರಿದ್ದು ಸೇರಿದ್ದೇ. ದುಡ್ಡಿದ್ದವನನ್ನು ಕಾನೂನು ಒಂದು ಮಟ್ಟದವರೆಗೆ ಮಾತ್ರ ಹಿಡಿಯಬಲ್ಲದು. ಅಲ್ಲಿಂದ ಮುಂದೆ ಅವನನ್ನು ತಡೆಯೋಕೆ ಅವನ ಮನಸ್ಸೇ ಆಗಬೇಕು.

ಇನ್ನೊಂದು ವಿಷಯ. ಬೆಂಗಳೂರಲ್ಲಿ ಬಳಸಿ ಬಿಟ್ಟ ನೀರು ಸಂಸ್ಕರಣೆಯಾಗಿ, ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದನ್ನು ಇನ್ನೂ ಒಂದು ಹಂತ ಶುದ್ಧ ಮಾಡಿ ಕೊಡಿ ಅನ್ನೋ ಬೇಡಿಕೆ ನಮ್ಮ ಜಿಲ್ಲೆಯಲ್ಲಿ ಮೊದಲಿಂದ ಇದೆ, ಅದು ನ್ಯಾಯವಾದ ಬೇಡಿಕೆ. ಆ ಘಟಕ ಕಟ್ಟೋದು, ನಡೆಸೋದು ಯಾವ ಮನೆಯವರಿಂದಲೂ ಆಗದ ಕೆಲಸ, ಸರ್ಕಾರವೇ ಮಾಡಬೇಕು. ಆದರೆ ಉಳಿದ ಪೇಂಟು, ಹಳೇ ಮಾತ್ರೆ, ಆಸಿಡ್ಡು ಸಿಂಕಿಗೆ ಸುರಿಯೋವಾಗ ಅಡುಗೆಮನೆಯಲ್ಲಿ ಯಾವ ಅಧಿಕಾರಿಯೂ ನಿಂತಿರೋದಿಲ್ಲ. ಅಲ್ಲಿ ಇರೋದು ನೀವೊಬ್ಬರೇ.

ಹಾಗಾಗಿ ನಾನು ಗೆರೆ ಎಳೆಯೋದು ಒಂದು ಪ್ರಶ್ನೆಯಿಂದ: ನಾನೊಬ್ಬನೇ ಸರಿಯಾಗಿ ನಡೆದುಕೊಂಡರೆ ಪ್ರಯೋಜನ ಇದೆಯಾ? ಸಿಂಕಿನ ವಿಷಯದಲ್ಲಿ ಇದೆ. ಅಲ್ಲಿ ಸರ್ಕಾರಕ್ಕೆ ಕಾಯಬಾರದು. ಬೋರ್‌ವೆಲ್ ವಿಷಯದಲ್ಲಿ ಹೆಚ್ಚೇನೂ ಇಲ್ಲ. ಅಲ್ಲಿ ಎಲ್ಲರಿಗೂ ಅನ್ವಯಿಸೋ ನಿಯಮ ಬೇಕು, ಆ ನಿಯಮ ಕೇಳೋದು, ಬಂದ ಮೇಲೆ ನನಗೆ ಕಷ್ಟವಾದರೂ ಒಪ್ಪಿಕೊಳ್ಳೋದು ನನ್ನ ಹೊಣೆ. ಒಳ್ಳೆಯವನು ಪೆದ್ದನಾಗದ ಹಾಗೆ ನೋಡಿಕೊಳ್ಳೋದು ಸರ್ಕಾರದ ಹೊಣೆ.

ನಮ್ಮ ಸಂವಿಧಾನದಲ್ಲೂ ಇವೆರಡು ಜೊತೆಗೇ ಬಂದವು. ಪರಿಸರ ಕಾಪಾಡಬೇಕು ಅಂತ ಸರ್ಕಾರಕ್ಕೆ ಹೇಳುವ 48ಎ ವಿಧಿ, ಕೆರೆ-ನದಿಗಳನ್ನು ಕಾಪಾಡೋದು ಕರ್ತವ್ಯ ಅಂತ ನಾಗರಿಕನಿಗೆ ಹೇಳುವ 51ಎ ವಿಧಿ, ಎರಡೂ 1976ರ 42ನೇ ತಿದ್ದುಪಡಿಯಲ್ಲಿ ಸೇರಿದಂಥವು. ಒಂದನ್ನು ತೋರಿಸಿ ಇನ್ನೊಂದರಿಂದ ತಪ್ಪಿಸಿಕೊಳ್ಳೋಕೆ ಅಲ್ಲಿ ಜಾಗ ಇಟ್ಟಿಲ್ಲ. ಎರಡೂ ಕಡೆಯಿಂದ ಶುರು ಮಾಡಬಹುದಾದ ಒಂದು ಕೆಲಸ ಬೇಕಾ? ಮುಂದಿನ ಅಸೋಸಿಯೇಷನ್ ಮೀಟಿಂಗಲ್ಲಿ ಫ್ಲಾಟಿಗೊಂದು ಮೀಟರ್ ಅನ್ನೋ ವಿಷಯ ಬಂದಾಗ, ನಿಮ್ಮ ಬಿಲ್ಲೇ ಜಾಸ್ತಿ ಬರೋ ಹಾಗಿದ್ದರೂ, ಕೈ ಎತ್ತಿ.